ಹಳೇ ಫೋಟೋ ಎಫೆಕ್ಟ್: ದುಡ್ಡು ಕಟ್ಟಿದ ಆ್ಯಪ್, ಸ್ನ್ಯಾಪ್‌ಸೀಡ್, ಜಿಂಪ್ ಮೂರೂ ಬಳಸಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಕಂಪ್ಯೂಟರಲ್ಲಿ ಫೋಟೋ ತಿದ್ದೋ ಫ್ರೀ ಪ್ರೋಗ್ರಾಂ ಜಿಂಪ್‌ಗೆ. ವರ್ಷಕ್ಕೆ ಅಂತ ದುಡ್ಡು ಕಟ್ಟಿ ತಗೊಂಡಿದ್ದ ಒಂದು ಮೊಬೈಲ್ ಆ್ಯಪ್ ಕೈ ಕೊಟ್ಮೇಲೆ ಹುಡ್ಕೊಂಡು ಹೋಗಿದ್ದು, ಆ ಆ್ಯಪ್ ಹೆಸ್ರು ಬೇಡ ಬಿಡಿ.

ಅಜ್ಜಿದು ಹನ್ನೆರಡು ಫೋಟೋನ ಹಳೇ ಕಾಲದ ಪ್ರಿಂಟ್ ಥರ ಮಾಡಿ ಆಲ್ಬಮ್ ಮಾಡ್ಸೋಣ ಅಂತಿದ್ದೆ. ಆ ಆ್ಯಪಲ್ಲಿ ಒಂದ್ಸಲ ಒತ್ತಿದ್ರೆ ಕಂದು ಬಣ್ಣ, ಗೀರು, ಮೂಲೆ ಮಡಚಿದ ಗುರುತು ಎಲ್ಲಾ ಬಂದ್ಬಿಡುತ್ತೆ, ಒಂದೊಂದಾಗಿ ನೋಡಿದಾಗ ಚೆನ್ನಾಗೇ ಇತ್ತು. ಹನ್ನೆರಡೂ ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬಿತ್ತು, ಎಲ್ಲದ್ರಲ್ಲೂ ಅದೇ ಗೀರು, ಅದೇ ಜಾಗದಲ್ಲಿ! ಎಡಗಡೆ ಮೇಲಿಂದ ಶುರುವಾಗಿ ಕೊಕ್ಕೆ ಥರ ಬಾಗಿ ನಡುಮಧ್ಯಕ್ಕೆ ಬರುತ್ತೆ, ಒಂದ್ರಲ್ಲಂತೂ ಅಜ್ಜಿ ಕಣ್ಣಿನ ಮೇಲೇ ಹಾದು ಹೋಗಿತ್ತು.

ಆ ಗೀರನ್ನ ಪಕ್ಕಕ್ಕೆ ಸರ್ಸೋಕೂ ಆಗಲ್ಲ, ಅಳ್ಸೋಕೂ ಆಗಲ್ಲ, ಎಫೆಕ್ಟ್ ಕಮ್ಮಿ ಮಾಡಿದ್ರೆ ಅದ್ರ ಜೊತೆ ಬಣ್ಣಾನೂ ಹೋಗುತ್ತೆ. ಫೋಟೋ ಫ್ಲಿಪ್ ಮಾಡಿ ಎಫೆಕ್ಟ್ ಹಾಕಿ ಮತ್ತೆ ಫ್ಲಿಪ್ ಮಾಡ್ದೆ, ಗೀರೇನೋ ಬಲಗಡೆಗೆ ಹೋಯ್ತು, ಆದ್ರೆ ಸೇವ್ ಮಾಡ್ದಾಗೆಲ್ಲ ಅದು ಸೈಜ್ ಇಳಿಸ್ತಿತ್ತು, ಅಜ್ಜಿ ಮುಖದ ಸುಕ್ಕೆಲ್ಲ ಕಲಸಿ ಹೋಗಿತ್ತು. ನಂಗೆ ಬೇಕಿದ್ದಿದ್ದೇ ಆ ಸುಕ್ಕು. ತುಂಬಾ ಬೇಜಾರಾಯ್ತು.

ಸ್ನ್ಯಾಪ್‌ಸೀಡ್ ಫ್ರೀ, ಫೋನಲ್ಲೇ ಆಗುತ್ತೆ. ಅದ್ರಲ್ಲಿ ರೆಟ್ರೋಲಕ್ಸ್ ಅಂತ ಹಳೇ ಫೋಟೋ ಫಿಲ್ಟರ್ ಇದೆ, ಗೀರಿಗೇ ಬೇರೆ ಸ್ಲೈಡರ್, ಬೆಳಕು ಸೋರಿದ ಥರದ ಕಲೆಗೆ ಬೇರೆ. ಎಡಿಟ್ ಹಿಸ್ಟರಿಗೆ ಹೋಗಿ ಬ್ರಷ್ ತಗೊಂಡ್ರೆ ಎಫೆಕ್ಟ್ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಬಳೀಬಹುದು, ಮುಖ ಬಿಟ್ಟು. ಒಂದೆರಡು ಫೋಟೋ ಅಂದ್ರೆ ಇಷ್ಟೇ ಸಾಕು. ಆದ್ರೆ ಬೆರಳಲ್ಲಿ ಹನ್ನೆರಡು ಫೋಟೋಗೆ ಬಳಿಯೋದು ನನ್ನ ಕೈಲಿ ಆಗ್ಲಿಲ್ಲ.

ಫೋಟೋಶಾಪ್ ಒಳ್ಳೇದೇ, ತಿಂಗಳಾ ದುಡ್ಡು ಕಟ್ಟೋದು ಮತ್ತೆ ಬೇಡ ಅಂತ ಆ ಕಡೆ ಹೋಗ್ಲಿಲ್ಲ.

ಜಿಂಪಲ್ಲಿ ಓಲ್ಡ್ ಫೋಟೋ ಅಂತ ರೆಡಿ ಫಿಲ್ಟರ್ ಇದೆ, ನಾನು ಅದನ್ನ ಬಿಟ್ಟು ಕರ್ವ್ಸ್ ಹಿಡ್ಕೊಂಡೆ, ಗೆರೆ ಎಳೆದು ಬೆಳಕು, ಬಣ್ಣ ತಿದ್ದೋ ಟೂಲ್ ಅದು, 0 ಅಂದ್ರೆ ಪೂರ್ತಿ ಕಪ್ಪು, 255 ಅಂದ್ರೆ ಪೂರ್ತಿ ಬಿಳಿ. ಮನೇಲಿರೋ ನಿಜವಾದ ಹಳೇ ಪ್ರಿಂಟ್ ಎದುರಿಗಿಟ್ಟು ನೋಡಿ, ಅದ್ರಲ್ಲಿ ಕಪ್ಪು ಪೂರ್ತಿ ಕಪ್ಪಿರಲ್ಲ, ಬಿಳಿ ಕೆನೆ ಬಣ್ಣಕ್ಕೆ ತಿರುಗಿರುತ್ತೆ. ಹಾಗಾಗಿ ಕರ್ವ್ಸಲ್ಲಿ ಎಡಗಡೆ ಕೆಳಗಿನ ತುದೀನ 0ಯಿಂದ 25ರ ಹತ್ರಕ್ಕೆ ಎತ್ತಿದೆ, ನೀಲಿ ಚಾನೆಲ್ಲಿನ ಮೇಲಿನ ತುದಿ 255ರಿಂದ 205ಕ್ಕೆ ಇಳಿಸ್ದೆ, ನೀಲಿ ಕಮ್ಮಿ ಆದ್ರೆ ಬಿಳಿ ಹಳದಿಗೆ ತಿರುಗುತ್ತೆ, ಬಿಳಿ ಸೀರೆ ಪೆಟ್ಟಿಗೇಲಿ ಇಟ್ಟು ವರ್ಷಗಟ್ಲೆ ಆದ್ಮೇಲೆ ತೆಗೆದಂಗೆ ಕಾಣಿಸ್ತು.

ಗೀರಿಗೆ ನಂದೇ ಒಂದು ಹಾಳಾದ ಪ್ರಿಂಟಿನ ಹಿಂಭಾಗ ಸ್ಕ್ಯಾನ್ ಮಾಡಿ ಲೇಯರ್ (ಪದರ) ಆಗಿ ಫೋಟೋ ಮೇಲೆ ಹಾಕಿ ಮೋಡ್ ಮಲ್ಟಿಪ್ಲೈ ಅಂತ ಇಟ್ಟೆ, ಕಾಗದದ ಬಿಳಿ ಮಾಯ ಆಗಿ ಕಲೆ ಮಾತ್ರ ಉಳೀತು. ಪ್ರತಿ ಫೋಟೋಗೂ ಆ ಲೇಯರ್ ತಿರುಗ್ಸಿ, ಸರ್ಸಿ, ಮುಖದ ಮೇಲೆ ಬಂದಿದ್ದನ್ನ ಲೇಯರ್ ಮಾಸ್ಕಲ್ಲಿ ಕಪ್ಪು ಬ್ರಷ್ ಆಡ್ಸಿ ಮರೆಸ್ಬಿಟ್ಟೆ. ಕಡತ ಎಕ್ಸ್‌ಸಿಎಫ್ ಅನ್ನೋ ಜಿಂಪಿನದೇ ಫಾರ್ಮ್ಯಾಟಲ್ಲಿ ಉಳ್ಸಿದ್ರೆ ಲೇಯರೆಲ್ಲ ಹಾಗೇ ಇರುತ್ತೆ, ಜೆಪೆಗ್ ಕೊನೇಲಿ ಒಂದೇ ಸಲ. 2025ರಲ್ಲಿ ಬಂದ ಜಿಂಪ್ 3.0 ಇದ್ರಂತೂ ಕರ್ವ್ಸನ್ನೂ ಆಮೇಲೆ ತೆರೆದು ಬದಲಾಯಿಸ್ಬಹುದು.

ಪೇಂಟಿಂಗ್ ಥರ ಬೇಕಂದ್ರೆ ಜಿಂಪಲ್ಲೇ ಆಯಿಲಿಫೈ ಅನ್ನೋ ಫಿಲ್ಟರ್ ಇದೆ, ದೊಡ್ಡ ಫೋಟೋಗೆ ಅದ್ರ ಮಾಸ್ಕ್ ರೇಡಿಯಸ್ ಜಾಸ್ತಿ ಕೊಡಿ, ಚಿಕ್ಕದು ಕೊಟ್ರೆ ಏನೂ ಗೊತ್ತಾಗಲ್ಲ. ಇನ್ನೂ ಬೇಕಂದ್ರೆ ಜಿಂಪಿಗೆ ಇನ್ನಷ್ಟು ಫಿಲ್ಟರ್ ಸೇರಿಸೋ ಜಿಮಿಕ್ (G'MIC) ಪ್ಲಗಿನ್ ಹಾಕೊಳ್ಳಿ, ಅದೂ ಫ್ರೀ, ಫಿಲ್ಮ್ ರೋಲಿನ ಬಣ್ಣಗಳೇ ರಾಶಿ ಇವೆ.

ಕಲಿಯೋಕೆ ಮೂರ್ನಾಲ್ಕು ಸಂಜೆ ಹೋಯ್ತು ನಂಗೆ, ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡೋ ಅಭ್ಯಾಸ ಇದ್ದಿದ್ರಿಂದ ಕಷ್ಟ ಅನ್ಸ್ಲಿಲ್ಲ. ಫೋನ್ ಬಿಟ್ಟು ಏನೂ ಮುಟ್ಟಲ್ಲ ಅನ್ನೋರು ಸ್ನ್ಯಾಪ್‌ಸೀಡೇ ತಗೊಳ್ಳಿ. ದುಡ್ಡು ಕಟ್ಟೋ ಆ್ಯಪ್ ಯಾವ್ದಾದ್ರೂ ಟ್ರಯಲಲ್ಲೇ ನಾಲ್ಕು ಫೋಟೋ ಮಾಡಿ ಪಕ್ಕಪಕ್ಕ ಇಟ್ಟು ಗೀರು ನೋಡಿ. ನನ್ನ ಆಲ್ಬಮ್ ಪ್ರಿಂಟಾಗಿ ಬಂದಿದೆ, ಅಜ್ಜಿ ಕಣ್ಣಿನ ಸುತ್ತ ಇರೋ ಸುಕ್ಕು ಒಂದೊಂದೂ ಕಾಣುತ್ತೆ.