ಮಣ್ಣಿನ ಹುಂಡಿಯೋ, ಬಾಟ್ಲಿಯೋ, ಬ್ಯಾಂಕೋ: ಮಳೆನಾಡಿನ ಚಿಲ್ಲರೆ ಲೆಕ್ಕ

ಕೊಡಗಿನಲ್ಲಿ ಚಿಲ್ಲರೆ ಕೂಡಿಡುವವರು ಮೊದಲು ನೋಡಬೇಕಾದದ್ದು ತೇವ. ಮಣ್ಣಿನ ಹುಂಡಿಯನ್ನು ಒಡೆಯದೆ ದುಡ್ಡು ತೆಗೆಯಲಾಗದು, ಮಕ್ಕಳಿಗೆ ಉಳಿತಾಯ ಕಲಿಸಲು ಅದೇ ಒಳ್ಳೆಯದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಟ್ಟ ಮಣ್ಣೂ ತೇವ ಹೀರುತ್ತದೆ. ಜೊತೆಗೆ ನೋಟು ಮಡಚಿ ಹಾಕಿದ್ದರೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟುತ್ತದೆ. ಹಳದಿ 5 ರೂಪಾಯಿ ನಾಣ್ಯದಲ್ಲಿ ಹಿತ್ತಾಳೆ ಇರುವುದರಿಂದ ಕಪ್ಪಾಗುತ್ತದೆ. ಸ್ಟೀಲಿನ 1, 2 ರೂಪಾಯಿಗೆ ಅಷ್ಟೇನೂ ಆಗುವುದಿಲ್ಲ.

ಬಳಸಿ ನೋಡಿದ್ದರಲ್ಲಿ ನಮ್ಮ ಮತ ತಿರುಪು ಮುಚ್ಚಳದ ಗಾಜಿನ ಬಾಟ್ಲಿಗೆ. ಹಾರ್ಲಿಕ್ಸ್ ಬಾಟ್ಲಿ ಸಾಕು. ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ತಳದಲ್ಲಿಡಿ, ಸಂತೆಯಿಂದ ಬಂದ ಒದ್ದೆ ನಾಣ್ಯವನ್ನು ಒರೆಸಿ ಹಾಕಿ. ಕೊರತೆ ಒಂದೇ: ಕೈ ಹಾಕುವುದು ಸುಲಭ, ಖರ್ಚಾಗುವುದೂ ಸುಲಭ.

ತುಂಬಿದ ಮೇಲೆ ಬ್ಯಾಂಕಿಗೋ, ಅಂಗಡಿಗೋ? ಬ್ಯಾಂಕುಗಳು ನಾಣ್ಯ ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. 100 ನಾಣ್ಯಗಳ ಪ್ಲಾಸ್ಟಿಕ್ ಪೊಟ್ಟಣವೇ ಅನುಕೂಲ ಎಂದೂ ಹೇಳಿದೆ. ಪೊಟ್ಟಣ ಕಟ್ಟುವಾಗಲೇ ತಪ್ಪಾಗುವುದು. ಹಳೆಯ ಸ್ಟೀಲಿನ 1 ರೂಪಾಯಿ, 2011ರ ಸರಣಿಯ 2 ರೂಪಾಯಿ ಎರಡೂ 25 ಮಿ.ಮೀ. ಅಗಲ, 4.85 ಗ್ರಾಂ ತೂಕ. ಗಾತ್ರ ನೋಡಿ ಅಟ್ಟಿ ಕಟ್ಟಿದರೆ ಬೆರೆತುಹೋಗುತ್ತವೆ. 2011ರ 1 ರೂಪಾಯಿ 3.79 ಗ್ರಾಂ, 2019ರದ್ದು ಇನ್ನೂ ಹಗುರ. ಹಾಗಾಗಿ ಮನೆಯ ತಕ್ಕಡಿಯನ್ನು ನಂಬಬೇಡಿ. ಅಂಕಿ ಮೇಲೆ ಬರುವಂತೆ ಹಾಸಿ, ಹತ್ತು ಹತ್ತಾಗಿ ಎಣಿಸಿ, ಪೊಟ್ಟಣದ ಮೇಲೆ ಮೊತ್ತ ಬರೆಯಿರಿ. ಕೌಂಟರಿನಲ್ಲಿ ಜನ ಕಮ್ಮಿ ಇರುವ ಹೊತ್ತಿಗೆ ಹೋಗುವುದು ಲೇಸು.

ಆದರೂ ಅಂಗಡಿಯೇ ಮೇಲು. ಮಡಿಕೇರಿಯ ಶುಕ್ರವಾರದ ಸಂತೆಗೆ ಮುನ್ನ ಪರಿಚಯದ ದಿನಸಿ ಅಂಗಡಿಗೋ ಹೋಟೆಲಿಗೋ ಎಣಿಸಿದ ಪೊಟ್ಟಣ ಕೊಟ್ಟರೆ ನೋಟು ತಕ್ಷಣ ಸಿಗುತ್ತದೆ, ಸಾಲಿನಲ್ಲಿ ನಿಲ್ಲುವ ಕಾಟವಿಲ್ಲ. ವ್ಯಾಪಾರದಲ್ಲಿ ನಾಣ್ಯದಲ್ಲೇ ದುಡ್ಡು ಕೊಡುವುದಾದರೆ ಒಂದು ಮಿತಿ ನೆನಪಿರಲಿ: 2011ರ ನಾಣ್ಯ ಕಾಯ್ದೆಯಂತೆ 1 ರೂಪಾಯಿ ಮತ್ತು ಮೇಲಿನ ನಾಣ್ಯಗಳಿಗೆ ಒಂದು ಪಾವತಿಯಲ್ಲಿ 1000 ರೂಪಾಯಿ, 50 ಪೈಸೆಗೆ 10 ರೂಪಾಯಿ. 25 ಪೈಸೆ 2011ರ ಜೂನ್ ಕೊನೆಗೇ ಚಲಾವಣೆಯಿಂದ ಹೋಯಿತು, ಎತ್ತಿಡಿ.

ಯುಪಿಐ ಇದ್ದರೆ ಚಿಲ್ಲರೆಯೇ ಹುಟ್ಟುವುದಿಲ್ಲ, ನಿಜ. ಗಾಳಿಮಳೆಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಹೋದ ದಿನ ಮಾತ್ರ ಖಾಸಗಿ ಬಸ್ಸಿನ ಕಂಡಕ್ಟರಿಗೆ ಕೈಯಲ್ಲೇ ದುಡ್ಡು ಕೊಡಬೇಕು. ಆದ್ದರಿಂದ ಬಾಟ್ಲಿ ಪೂರ್ತಿ ಬರಿದು ಮಾಡಬೇಡಿ: 10ರ ಹತ್ತು, 5ರ ಹನ್ನೆರಡು, 2ರ ಹತ್ತು, 1ರ ಇಪ್ಪತ್ತು, ಒಟ್ಟು 200 ರೂಪಾಯಿ ಮಳೆಗಾಲ ಮುಗಿಯುವವರೆಗೆ ಮನೆಯಲ್ಲಿರಲಿ. 10ರ ನಾಣ್ಯ ಬೇಡ ಎನ್ನುವವರಿಗೆ, ಆಗಿದ್ದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದ್ದನ್ನು ಹೇಳಿ.