ಪೈನ್ ಕಾಡಿನ ತಂಪು ನಂಬಿ ಮರುಭೂಮಿಗೆ ಇಳಿದೆವು, ನೀವು ಇಳಿಯಬೇಡಿ

ಅಮೆರಿಕದ ಅರಿಜೋನಾದಲ್ಲಿ ಮೌಂಟನ್ ಬೈಕ್ ಹುಚ್ಚು ಹತ್ತಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಬೆಳಗ್ಗೆ ಫ್ಲ್ಯಾಗ್‌ಸ್ಟಾಫ್‌ನ ಪೈನ್ ಕಾಡು, ಮಧ್ಯಾಹ್ನ ಕೆಳಗಿನ ಮರುಭೂಮಿ. ಮ್ಯಾಪ್ ನೋಡಿದರೆ ಏನೂ ಕಷ್ಟ ಅನ್ನಿಸುವುದಿಲ್ಲ. ನಡುವೆ ಇರುವುದು ಒಂದೇ ಹೆದ್ದಾರಿ, ಐ-17. ಕಾರಿನಲ್ಲಿ ಒಂದೂವರೆ ಗಂಟೆ. ಮೇ ತಿಂಗಳ ಕೊನೆಯ ಶನಿವಾರ ನಾವೂ ಹೊರಟೆವು. ರಾತ್ರಿ ಹೊತ್ತಿಗೆ ಮೂವರಲ್ಲಿ ಒಬ್ಬ ಆಸ್ಪತ್ರೆಯಲ್ಲಿ ಮಲಗಿದ್ದ.

ನಾನು, ನನ್ನ ಗೆಳೆಯ, ಅವನ ಬಾಮೈದ. ಬಾಮೈದ ತಂಪು ಊರಾದ ಸಿಯಾಟಲ್‌ನಿಂದ ಅಕ್ಕನ ಮನೆಗೆ ಬಂದು ನಾಲ್ಕು ದಿನ ಆಗಿತ್ತು. 26ರ ಹುಡುಗ, ಗಟ್ಟಿಮುಟ್ಟಾದ ಆಳು, ಅಲ್ಲಿ ವಾರ ವಾರವೂ ಬೈಕ್ ಓಡಿಸುವವನು. ನಮ್ಮಿಬ್ಬರಿಗಿಂತ ಅವನೇ ಚುರುಕು. ಅವನಿಗೇನಾದರೂ ಆಗಬಹುದು ಅಂತ ನಮಗೆ ಕನಸಿನಲ್ಲೂ ಅನ್ನಿಸಿರಲಿಲ್ಲ.

ಮೊದಲ ತಪ್ಪು ಆಗಿದ್ದು ಬೆಳಗ್ಗೆ 5 ಗಂಟೆಗೆ. ಮೇಲೆ ಹೋಗುವ ದಾರಿಯಲ್ಲೇ ಒಂದು ಕಾರನ್ನು ಮರುಭೂಮಿಯ ಬ್ಲ್ಯಾಕ್ ಕ್ಯಾನ್ಯನ್ ಸಿಟಿ ಎಂಬ ಊರಿನಲ್ಲಿ ನಿಲ್ಲಿಸಿ, ಇನ್ನೊಂದರಲ್ಲಿ ಮೂರು ಬೈಕ್ ಏರಿಸಿಕೊಂಡು ಹೋದೆವು. ಮಧ್ಯಾಹ್ನ ಬಂಬಲ್ ಬೀ ಎಂಬಲ್ಲಿಂದ ಬ್ಲ್ಯಾಕ್ ಕ್ಯಾನ್ಯನ್ ಟ್ರೇಲ್ ಎಂಬ ಕಾಲುದಾರಿಯಲ್ಲಿ ಇಳಿದು ಬಂದು ಆ ಕಾರು ಹತ್ತುವುದು ಪ್ಲಾನು. ಆಗ ಬಹಳ ಜಾಣತನ ಅನ್ನಿಸಿತ್ತು. ಆದರೆ ಒಂದು ಸಲ ಕಾರು ಅಲ್ಲಿ ನಿಂತ ಮೇಲೆ, ಮಧ್ಯಾಹ್ನ ಹೋಗಬೇಕೋ ಬೇಡವೋ ಅಂತ ನಾವ್ಯಾರೂ ಯೋಚಿಸಲೇ ಇಲ್ಲ. ಹೇಗಿದ್ದರೂ ಕಾರು ತರಬೇಕಲ್ವಾ, ಹೋಗೋಣ ನಡಿ. ಇಷ್ಟೇ ನಡೆದ ಚರ್ಚೆ.

ಫ್ಲ್ಯಾಗ್‌ಸ್ಟಾಫ್ ಬಗ್ಗೆ ದೂರುವುದು ಏನೂ ಇಲ್ಲ. ಊರೇ 2,100 ಮೀಟರ್ ಎತ್ತರದಲ್ಲಿದೆ. ನಾವು ಶುಲ್ಟ್ಸ್ ಕ್ರೀಕ್ ಟ್ರೇಲ್ ಹತ್ತಿ, ಮೇಲಿನ ಕಣಿವೆ ಮುಟ್ಟಿ, ಅದೇ ದಾರಿಯಲ್ಲಿ ಇಳಿದೆವು. ಪಾಂಡೆರೋಸಾ ಪೈನ್ ಮರಗಳ ನಡುವೆ ಮೆತ್ತಗಿನ ಮಣ್ಣಿನ ದಾರಿ. ಬಿಸಿಲು ಬಿದ್ದ ತೊಗಟೆಗೆ ಮೂಗು ಒತ್ತಿದರೆ ವೆನಿಲ್ಲಾ ವಾಸನೆ ಬರುತ್ತದೆ, ಸುಳ್ಳಲ್ಲ. ಹೊರಡುವಾಗ ಜಾಕೆಟ್ ಬೇಕಾಗಿತ್ತು. ವಾಪಸ್ ಬಂದಾಗಲೂ 20 ಡಿಗ್ರಿ ದಾಟಿರಲಿಲ್ಲ.

ಮೋಸ ಇರುವುದೇ ಅಲ್ಲಿ. ಮೂರು ಗಂಟೆ ಬೈಕ್ ತುಳಿದು ನಾನು ಕುಡಿದದ್ದು ಅರ್ಧ ಲೀಟರ್ ನೀರು. ಚಳಿಗೆ ಬಾಯಾರಿಕೆಯೇ ಆಗಲಿಲ್ಲ. ಆದರೆ ಅಷ್ಟು ಎತ್ತರದಲ್ಲಿ ಉಸಿರು ಜೋರಾಗುತ್ತದೆ, ಗಾಳಿ ಒಣಕಲು, ಪ್ರತಿ ಉಸಿರಿನಲ್ಲೂ ಮೈಯ ನೀರು ಹೋಗುತ್ತಲೇ ಇರುತ್ತದೆ. ಬೆವರು ಕೂಡ ಬಂದ ಹಾಗೆಯೇ ಆರಿಹೋಗುತ್ತದೆ, ಅಂಗಿ ಒದ್ದೆಯಾಗುವುದೇ ಇಲ್ಲ. ಕಾಡಿನಿಂದ ಹೊರಬರುವ ಹೊತ್ತಿಗೆ ನಾವಾಗಲೇ ಅರ್ಧ ಒಣಗಿದ್ದೆವು. ಗೊತ್ತಾಗಿರಲಿಲ್ಲ ಅಷ್ಟೆ.

ಊಟ ಮಾಡಿ ಕಾರು ಹತ್ತಿದೆವು. ಗೆಳೆಯ ಫೋನಿನಲ್ಲಿ ಹವಾಮಾನ ನೋಡಿ "ಇವತ್ತು ಹೆಚ್ಚೆಂದರೆ 25 ಕಣೋ" ಅಂದ. ಅದು ಫ್ಲ್ಯಾಗ್‌ಸ್ಟಾಫ್‌ನ ಹವಾಮಾನ. ನಿಂತ ಊರಿನದ್ದನ್ನು ತೋರಿಸುವುದು ಆ್ಯಪಿನ ಕೆಲಸ, ಹೋಗುವ ಊರಿನದ್ದನ್ನು ನೋಡಬೇಕಾದದ್ದು ನಮ್ಮ ಕೆಲಸ. ಒಣ ಗಾಳಿ 1,000 ಮೀಟರ್ ಕೆಳಗಿಳಿದರೆ ಹತ್ತಿರ ಹತ್ತಿರ 10 ಡಿಗ್ರಿ ಬಿಸಿಯಾಗುತ್ತದೆ. ನಾವು 1,300 ಮೀಟರಿಗೂ ಜಾಸ್ತಿ ಇಳಿಯುತ್ತಿದ್ದೆವು, ಅದೂ ಎಸಿ ಕಾರಿನಲ್ಲಿ ಕೂತು. ಬಂಬಲ್ ಬೀಯಲ್ಲಿ ಬಾಗಿಲು ತೆಗೆದಾಗ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗಾಯಿತು. ಕಾರಿನ ಮೀಟರ್ 102 ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಅಂದರೆ 39 ಡಿಗ್ರಿ ಸೆಲ್ಸಿಯಸ್. ಆಗ ಸಮಯ ಮಧ್ಯಾಹ್ನ 1.45. ಇಲ್ಲಿ ಬಿಸಿಲು ಏರುವುದು ನಡುಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ, 3ರಿಂದ 5 ಗಂಟೆಯವರೆಗಿನ ಹೊತ್ತೇ ಅತಿ ಕೆಟ್ಟದ್ದು. ನಾವು ಸರಿಯಾಗಿ ಅದರ ಬಾಯಿಗೇ ಹೊರಟಿದ್ದೆವು.

ಈ ಟ್ರೇಲ್‌ಗೆ ಒಂದು ಕಥೆ ಇದೆ. 1919ರಲ್ಲಿ ಸರ್ಕಾರ ಇದನ್ನು ಕುರಿ ಹೊಡೆಯುವ ದಾರಿ ಅಂತ ಗುರುತಿಸಿತ್ತು. ಫೀನಿಕ್ಸ್ ಸುತ್ತಲಿನ ಕುರಿ ಸಾಕುವವರು ಬೇಸಿಗೆ ಬಂತೆಂದರೆ ಮಂದೆಯನ್ನು ಈ ದಾರಿಯಲ್ಲಿ ಬೆಟ್ಟದ ತಂಪಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಇದನ್ನೆಲ್ಲ ನಾನೇ ಕಾರಿನಲ್ಲಿ ಬಾಮೈದನಿಗೆ ದೊಡ್ಡ ಪಂಡಿತನ ಹಾಗೆ ಹೇಳಿದ್ದೆ. ಕುರಿಗಳು ಬೇಸಿಗೆಯಲ್ಲಿ ಮರುಭೂಮಿ ಬಿಟ್ಟು ಮೇಲೆ ಹೋಗುತ್ತಿದ್ದವು, ನಾವು ಬೇಸಿಗೆಯಲ್ಲಿ ಬೆಟ್ಟ ಬಿಟ್ಟು ಕೆಳಗೆ ಬಂದಿದ್ದೇವೆ ಅನ್ನುವುದು ಮಾತ್ರ ಹೇಳುವಾಗ ನನಗೇ ಹೊಳೆಯಲಿಲ್ಲ.

ನೀರಿನ ಲೆಕ್ಕ ಕೇಳಿ. ನನ್ನ ಬೆನ್ನಿನ ಚೀಲದಲ್ಲಿ ಎರಡೂವರೆ ಲೀಟರ್, ಗೆಳೆಯನ ಹತ್ತಿರ ಎರಡು, ಬಾಮೈದನ ಹತ್ತಿರ ಒಂದೂವರೆ. ದಾರಿ ಸುಮಾರು 16 ಮೈಲಿ, 25 ಕಿಲೋಮೀಟರ್ ಅಂದುಕೊಳ್ಳಿ. "ಬಹುತೇಕ ಇಳಿಜಾರು" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಒಟ್ಟಾರೆ ಲೆಕ್ಕದಲ್ಲಿ ನಿಜ. ಆದರೆ ದಾರಿ ಗುಡ್ಡದ ಪಕ್ಕೆಗೆ ಅಂಟಿಕೊಂಡು ಒಳಗೆ ಹೊರಗೆ ಸುತ್ತುತ್ತದೆ, ಒಣ ಹಳ್ಳಕ್ಕೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಹತ್ತುವಾಗ ವೇಗ ಇಲ್ಲ, ಗಾಳಿ ಇಲ್ಲ. ನೆರಳು ಅಂದರೆ ಸಗ್ವಾರೊ ಕಳ್ಳಿಯ ನೆರಳು. ಅದು ಒಂದು ಕಂಬದಷ್ಟು ಅಗಲ.

ಎರಡನೇ ಮೈಲಿಯಲ್ಲೇ ಬಾಮೈದನ ಹಿಂದಿನ ಚಕ್ರ ಕೂತಿತು. ಅದು ಬಾಡಿಗೆ ಬೈಕು. ಟ್ಯೂಬ್‌ಲೆಸ್ ಟೈರು, ಒಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಹಾಕಿದ್ದೇವೆ, ಮುಳ್ಳಿಗೆ ಹೆದರಬೇಡಿ ಅಂತ ಅಂಗಡಿಯವನು ಹೇಳಿದ್ದ. ತಿರುಗಿಸಿ ನೋಡಿದರೆ ಮೂರು ಮುಳ್ಳು. ನಮ್ಮ ನೆಗ್ಗಿಲು ಮುಳ್ಳೇ ಅದು, ಅದೇ ಗಿಡ. ಸಮುದ್ರ ದಾಟಿ ಬಂದು ಇಲ್ಲಿ ಆಡಿನ ತಲೆ ಅಂತ ಹೆಸರು ಪಡೆದಿದೆ, ದಾರಿ ಬದಿ, ಪಾರ್ಕಿಂಗ್ ಜಾಗದಲ್ಲೆಲ್ಲ ಹರಡಿ ಬಿದ್ದಿರುತ್ತದೆ. ಕಿತ್ತರೆ ಬಿಳಿ ದ್ರವ ಉಕ್ಕಿ ತೂತು ಮುಚ್ಚಬೇಕು. ಉಕ್ಕಿದ್ದು ಬರೀ ಗಾಳಿ. ಟೈರ್ ಬಿಚ್ಚಿದಾಗ ಒಳಗೆ ಸೀಲೆಂಟ್ ಒಣಗಿ ರಬ್ಬರಿನ ಸಿಪ್ಪೆಯಾಗಿತ್ತು. ಈ ಹವೆಯಲ್ಲಿ ಎರಡು ಮೂರು ತಿಂಗಳಿಗೆ ಅದು ಹಾಗಾಗುತ್ತದೆ. ಬಾಡಿಗೆಗೆ ತಗೊಳ್ಳುವವರು ಅಂಗಡಿಯಲ್ಲೇ ಚಕ್ರ ಬಿಚ್ಚಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳ್ ಗುಳ್ ಅಂತ ಸದ್ದು ಬರಬೇಕು. ಬರದಿದ್ದರೆ ಅಲ್ಲೇ ಹಾಕಿಸಿ.

ಟ್ಯೂಬ್ ಹಾಕಿದೆವು. ಟೈರಿನ ಒಳಗೆ ಬಟ್ಟೆ ಸವರಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ನಾಲ್ಕನೇ ಮುಳ್ಳೊಂದು ಒಳಗೇ ಉಳಿದಿತ್ತು. ಹತ್ತು ನಿಮಿಷಕ್ಕೆ ಮತ್ತೆ ಚಕ್ರ ಕೂತಿತು. ಎರಡೂ ಸೇರಿ ಮುಕ್ಕಾಲು ಗಂಟೆ, ಬಟಾಬಯಲಿನಲ್ಲಿ. ನೆಲಕ್ಕೆ ಮಂಡಿ ಊರಲು ಆಗುತ್ತಿರಲಿಲ್ಲ, ಕಲ್ಲು ಹಾಗೆ ಸುಡುತ್ತಿತ್ತು. ಈ ಮುಕ್ಕಾಲು ಗಂಟೆಯಲ್ಲಿ ಬಾಮೈದ ತನ್ನ ನೀರನ್ನೆಲ್ಲ ಮುಗಿಸಿದ. ವಾಪಸ್ ತಿರುಗಲು ಅದೇ ಸರಿಯಾದ ಹೊತ್ತು, ಕಾರು ಮೂರು ಮೈಲಿಯ ಒಳಗಿತ್ತು. "ಏನೂ ಆಗಲ್ಲ ಭಾವ, ಹೋಗೋಣ" ಅಂದ ಅವನು. ನಾವು ದೊಡ್ಡವರು, ಬೇಡ ಅನ್ನಬೇಕಿತ್ತು.

ಆಮೇಲೆ ಚೋಯಾ. ಕಳ್ಳಿಯಲ್ಲೇ ಇದು ಬೇರೆ ಜಾತಿ. ತುಂಡು ತುಂಡಾಗಿ ಉದುರಿ ದಾರಿಯಲ್ಲೇ ಬಿದ್ದಿರುತ್ತದೆ, ಚಕ್ರ ತಾಗಿದರೆ ಹಾರಿ ಬಂದು ಕಾಲಿಗೆ ಕಚ್ಚಿಕೊಳ್ಳುತ್ತದೆ. ಗೆಳೆಯನ ಮೀನಖಂಡಕ್ಕೆ ನಿಂಬೆಹಣ್ಣಿನ ಗಾತ್ರದ್ದೊಂದು ಕಚ್ಚಿಕೊಂಡಿತು. ಅವನು ಗಾಬರಿಯಲ್ಲಿ ಕೈ ಹಾಕಿ ಎಳೆದ. ಈಗ ಅದು ಕಾಲಿಗೂ ಅಂಟಿತ್ತು, ಕೈಗೂ ಅಂಟಿತ್ತು. ಮುಳ್ಳಿನ ತುದಿಯಲ್ಲಿ ಗಾಳದ ಹಾಗೆ ಹಿಂದಕ್ಕೆ ಬಾಗಿದ ಸಣ್ಣ ಕೊಕ್ಕೆಗಳಿರುತ್ತವೆ. ಎಳೆದರೆ ಚರ್ಮ ಡೇರೆಯ ಹಾಗೆ ಮೇಲೇಳುತ್ತದೆ, ಮುಳ್ಳು ಬರುವುದಿಲ್ಲ. ಇಲ್ಲಿಯವರು ಇದಕ್ಕಂತಲೇ ಒಂದು ಬಾಚಣಿಗೆ ಇಟ್ಟುಕೊಂಡಿರುತ್ತಾರೆ. ಹಲ್ಲುಗಳನ್ನು ಚರ್ಮಕ್ಕೂ ಉಂಡೆಗೂ ನಡುವೆ ತೂರಿಸಿ, ಒಂದೇ ಏಟಿಗೆ ಆಚೆ ಚಿಮ್ಮುವುದು. ನಮ್ಮ ಹತ್ತಿರ ಬಾಚಣಿಗೆ ಇರಲಿಲ್ಲ. ಎರಡು ಟೈರ್ ಲೀವರ್ ಜೋಡಿಸಿ ಚಿಮ್ಮಿದೆ. ಉಳಿದ ಮುಳ್ಳುಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಕಿತ್ತೆ. ಮತ್ತೆ ಇಪ್ಪತ್ತು ನಿಮಿಷ.

ನಾವಿಬ್ಬರೂ ಆ ಕಾಲಿನ ಮೇಲೆ ಬಗ್ಗಿಕೊಂಡಿದ್ದಾಗ ಬಾಮೈದನ ಕಡೆ ಯಾರೂ ನೋಡಲಿಲ್ಲ. ನನ್ನ ನೀರು ಕೊಡೋಣ ಅಂತ ತಿರುಗಿದಾಗ ಅವನು ದಾರಿ ಪಕ್ಕ ಕೂತು ನಡುಗುತ್ತಿದ್ದ. 39 ಡಿಗ್ರಿಯಲ್ಲಿ ಮೈಮೇಲೆ ರೋಮ ಎದ್ದಿತ್ತು. ಹೆಲ್ಮೆಟ್ ಪಟ್ಟಿ ಮೇಲೆ ಉಪ್ಪು ಬೆಳ್ಳಗೆ ಗೆರೆ ಕಟ್ಟಿತ್ತು, ಮುಖ ಒಣಗಿತ್ತು. ನನ್ನ ಕೊಳವೆಯಿಂದ ಒಂದು ಗುಟುಕು ಹೀರಿ ಕಕ್ಕಿಬಿಟ್ಟ. ಬಿಸಿಲಿಗೆ ಬಿದ್ದ ಕೊಳವೆಯೊಳಗಿನ ನೀರು ಕಷಾಯದಷ್ಟು ಬಿಸಿ ಇರುತ್ತದೆ, ಮೊದಲ ಗುಟುಕು ಚೆಲ್ಲಿ ಕೊಡಬೇಕು ಅನ್ನುವುದೂ ಆಗ ನೆನಪಾಗಲಿಲ್ಲ. ಆಮೇಲೆ ವಾಂತಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ "ಅಣ್ಣಾ, ಜಾಕೆಟ್ ಕಾರಲ್ಲೇ ಇದೆಯಾ?" ಅಂತ ಕೇಳಿದ. ಎರಡು ಸಲ ಕೇಳಿದ. ನನಗೆ ಹೆದರಿಕೆ ಆಗಿದ್ದು ಆಗಲೇ. ಸುಸ್ತು ಬೇರೆ, ಮಾತು ತಪ್ಪುವುದು ಬೇರೆ. ಬಿಸಿಲಿನಲ್ಲಿ ಮಾತು ಅಥವಾ ನಡೆ ತಪ್ಪಿತು ಅಂದರೆ ಶಾಖ ಮಿದುಳಿಗೆ ತಟ್ಟಿದೆ ಅಂತಲೇ ತಿಳಿಯಬೇಕು. ಇನ್ನು ಐದು ನಿಮಿಷ ನೋಡೋಣ ಅನ್ನುವ ಮಾತೇ ಇಲ್ಲ.

ಒಂದು ಬಂಡೆಯ ಕೆಳಗೆ ಎರಡು ಅಡಿ ನೆರಳಿತ್ತು. ಅಲ್ಲಿಗೆ ಎಳೆದುಕೊಂಡು ಹೋಗಿ ಮಲಗಿಸಿದೆವು. ವಾಂತಿ ಮಾಡುವವನಿಗೆ ಕುಡಿಸಲು ಹೋಗಲಿಲ್ಲ. ಉಳಿದಿದ್ದ ಒಂದು ಲೀಟರ್ ಚಿಲ್ಲರೆ ನೀರನ್ನು ಸ್ವಲ್ಪ ಸ್ವಲ್ಪವೇ ಅವನ ಅಂಗಿ, ಕುತ್ತಿಗೆ, ಕಂಕುಳಿಗೆ ಹಾಕಿ, ನನ್ನ ಜೆರ್ಸಿ ಬಿಚ್ಚಿ ಬೀಸಿದೆ. ಅವತ್ತು ನಾವು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ಒಣ ಗಾಳಿ ಅದೊಂದು ವಿಷಯದಲ್ಲಿ ಉಪಕಾರಿ, ಒದ್ದೆ ಬಟ್ಟೆಗೆ ಗಾಳಿ ಬೀಸಿದರೆ ಮೈ ಬೇಗ ತಣ್ಣಗಾಗುತ್ತದೆ.

ಫೋನು? ಹ್ಯಾಂಡಲ್‌ಬಾರಿಗೆ ಸಿಕ್ಕಿಸಿದ್ದ ನನ್ನ ಫೋನು ಕಾದು ತಾನೇ ಆಫ್ ಆಗಿತ್ತು. ಮ್ಯಾಪ್ ಇದ್ದದ್ದು ಅದರಲ್ಲೇ. ಗೆಳೆಯನ ಫೋನು ಚೀಲದೊಳಗಿದ್ದದ್ದರಿಂದ ಬದುಕಿತ್ತು, ಆದರೆ ಹಳ್ಳದಲ್ಲಿ ಸಿಗ್ನಲ್ ಇಲ್ಲ. ದೂರದಲ್ಲಿ ಹೆದ್ದಾರಿಯ ಲಾರಿಗಳು ಕಾಣುತ್ತಿದ್ದವು. ಇಷ್ಟೇ ಅಲ್ವಾ, ನಡೆದೇ ಹೋಗೋಣ ಅನ್ನಿಸುತ್ತದೆ. ದಯವಿಟ್ಟು ಹೋಗಬೇಡಿ. ನಡುವೆ ಕಣಿವೆ ಇದೆ, ಮುಳ್ಳಿದೆ, ದಾರಿ ಬಿಟ್ಟವರನ್ನು ಹುಡುಕುವುದೂ ಕಷ್ಟ. ಗೆಳೆಯ ಮುಳ್ಳು ಕಿತ್ತ ಕಾಲಿನಲ್ಲೇ ಕುಂಟುತ್ತಾ ದಿಣ್ಣೆ ಹತ್ತಿ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದ. ರಕ್ಷಣಾ ತಂಡದವರು ಬರಲು ಸುಮಾರು ಒಂದೂವರೆ ಗಂಟೆ ಹಿಡಿಯಿತು. ಆ ಜಾಗಕ್ಕೆ ಅದು ಬೇಗವೇ. ಬಂದವರು ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಬಾಮೈದ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದ. ಈಗ ಚೆನ್ನಾಗಿದ್ದಾನೆ. ನಮ್ಮಿಬ್ಬರಿಗೆ ಏನೂ ಆಗದೆ ಅವನಿಗೇ ಯಾಕೆ ಆಯಿತು ಅಂತ ಡಾಕ್ಟರನ್ನು ಕೇಳಿದೆ. ಎಲ್ಲಿಂದ ಬಂದ, ಯಾವಾಗ ಬಂದ ಅಂತ ಅವರು ನನ್ನನ್ನೇ ಕೇಳಿದರು. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಕಸುವಿದ್ದ ಮಾತ್ರಕ್ಕೆ ಮೈ ಒಗ್ಗಿರುವುದಿಲ್ಲ. ಕಸುವಿದ್ದವನು ಜೋರಾಗಿ ತುಳಿಯುತ್ತಾನೆ, ಇನ್ನೂ ಬೇಗ ಕಾಯುತ್ತಾನೆ.

ಹೇಳಿದರೆ ಎಲ್ಲರೂ ಮೊದಲು ಕೇಳುವುದು ಹಾವಿನ ಬಗ್ಗೆ. ಬುಡುಬುಡಿಕೆ ಹಾವು ಸಿಗಲಿಲ್ವಾ ಅಂತ. ಒಂದೂ ಕಾಣಲಿಲ್ಲ. ಆ ಬಿಸಿಲಿಗೆ ಹೊರಗೆ ಬರುವಷ್ಟು ದಡ್ಡತನ ಹಾವಿಗಿಲ್ಲ.

ಎರಡೂ ಒಂದೇ ದಿನ ಬೇಕೇ ಬೇಕು ಅನ್ನುವವರು ಅಕ್ಟೋಬರ್ ಕೊನೆಗೆ ಹೋಗಿ, ಅದೂ ಕೆಳಗಿನ ಹವಾಮಾನ ಬೇರೆಯಾಗಿ ನೋಡಿಕೊಂಡು. ಮರುಭೂಮಿಯ ಪಾಲು ಬೆಳಗ್ಗೆ ಮುಗಿಯಲಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಪೈನ್ ಕಾಡಿನಲ್ಲೇ ಇರಿ, ಕೆಳಗೆ ಇಳಿಯಲೇಬೇಡಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲೂ ಮಧ್ಯಾಹ್ನ ಗುಡುಗು ಸಿಡಿಲು ಇರುತ್ತದೆ, ಊಟದ ಹೊತ್ತಿಗೆ ಕೆಳಗಿಳಿದಿರಬೇಕು. ಫೀನಿಕ್ಸ್ ನಗರದವರು 2021ರಿಂದ ಅತಿ ಬಿಸಿಲಿನ ಎಚ್ಚರಿಕೆ ಇರುವ ದಿನಗಳಲ್ಲಿ ಕ್ಯಾಮೆಲ್‌ಬ್ಯಾಕ್ ಬೆಟ್ಟದ ದಾರಿಯನ್ನೇ ಸಂಜೆ 5ರವರೆಗೆ ಮುಚ್ಚುತ್ತಾರೆ. ಬಂಬಲ್ ಬೀಯಲ್ಲಿ ನಿಮ್ಮನ್ನು ತಡೆಯಲು ಯಾರೂ ನಿಂತಿರುವುದಿಲ್ಲ. ನೀರು ಗಂಟೆಗೊಂದು ಲೀಟರ್ ಅಂತ ಲೆಕ್ಕ ಹಾಕಿ, ಪಂಕ್ಚರ್ ಆಗುವ ಗಂಟೆಯನ್ನೂ ಸೇರಿಸಿ. ಯಾರ ನೀರು ಅರ್ಧಕ್ಕೆ ಮೊದಲು ಬರುತ್ತದೋ ಅವರ ಜೊತೆ ಎಲ್ಲರೂ ತಿರುಗಬೇಕು. ಇದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ, ದಾರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಚಣಿಗೆ ಮರೆಯಬೇಡಿ, ಸುಮ್ನೆ ಹೇಳುತ್ತಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಾಮೈದ ಮೊದಲು ಆಡಿದ ಮಾತು "ಅಕ್ಕನಿಗೆ ಹೇಳಬೇಡಿ ಭಾವ". ಅಕ್ಕ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ನವೆಂಬರಿನಲ್ಲಿ ಮತ್ತೆ ಬರುತ್ತಾನಂತೆ, ಬೆಳಗ್ಗೆ 7ಕ್ಕೇ ಹೊರಟು ಆ ದಾರಿ ಪೂರ್ತಿ ಮುಗಿಸಬೇಕಂತೆ. ಅಕ್ಕ ಇನ್ನೂ ಒಪ್ಪಿಲ್ಲ.