ವ್ಯಾಂಪಿರೆಲ್ಲಾ ಆರ್ಕೈವ್ಸ್: ಕೊಳ್ಳುವುದಾದರೆ ಎರಡನೆಯ ಸಂಪುಟದಿಂದ ಆರಂಭಿಸಿ

ಅನ್ಯಗ್ರಹದಿಂದ ಬಂದು ಭೂಮಿಯಲ್ಲಿ ಸಿಕ್ಕಿಬಿದ್ದ ರಕ್ತಪಿಶಾಚಿಯೊಬ್ಬಳ ಕತೆಯನ್ನು ಓದಬೇಕೆಂದು ಡೈನಮೈಟ್ ಪ್ರಕಾಶನದ ‘ವ್ಯಾಂಪಿರೆಲ್ಲಾ ಆರ್ಕೈವ್ಸ್’ ಮೊದಲ ಸಂಪುಟವನ್ನು ಕೊಳ್ಳುವವರು ಒಂದು ಸಂಗತಿಯನ್ನು ಮುಂಚಿತವಾಗಿ ತಿಳಿದಿರುವುದು ಒಳ್ಳೆಯದು. ‘ವ್ಯಾಂಪಿರೆಲ್ಲಾ’ ಎಂಬ ಅಮೆರಿಕದ ಕಾಮಿಕ್ಸ್ ಪತ್ರಿಕೆಯ ಮೊದಲ ಏಳು ಸಂಚಿಕೆಗಳನ್ನು ಒಟ್ಟುಗೂಡಿಸಿರುವ ಈ ಗಟ್ಟಿ ರಟ್ಟಿನ ಪುಸ್ತಕದಲ್ಲಿ ಆಕೆಯೇ ನಾಯಕಿಯಾಗಿರುವುದು ಆರಂಭದ ಎರಡು ಸಂಚಿಕೆಗಳಲ್ಲಿ ಮಾತ್ರ. ಉಳಿದೆಡೆಯಲ್ಲೆಲ್ಲ ಆಕೆ ಬೇರೆಯವರ ಭಯಾನಕ ಕತೆಗಳಿಗೆ ನಾಲ್ಕು ಮಾತಿನ ಪೀಠಿಕೆ ಹಾಕಿ ಮರೆಯಾಗುವ ನಿರೂಪಕಿ. ನಾನು ಇದನ್ನು ತಿಳಿಯದೆ ಕೊಂಡೆ. ಸಾಲದ್ದಕ್ಕೆ, ಮಾರಾಟಗಾರರು ತೆಳುವಾದ ಹೊದಿಕೆಯಲ್ಲಿ ಕಳುಹಿಸಿದ್ದರಿಂದ ಪುಸ್ತಕದ ಒಂದು ಮೂಲೆ ಜಜ್ಜಿಹೋಗಿತ್ತು.

ಆದರೂ ಮೊದಲ ಕತೆಯನ್ನು ಓದಲೇಬೇಕು. 1969ರ ಸೆಪ್ಟೆಂಬರ್ ಸಂಚಿಕೆಗಾಗಿ ಫಾರೆಸ್ಟ್ ಜೆ. ಆಕರ್ಮನ್ ಬರೆದು ಟಾಮ್ ಸಟನ್ ಚಿತ್ರಿಸಿದ ಈ ಕತೆ ನಡೆಯುವುದು ಎರಡು ಸೂರ್ಯರಿರುವ ಡ್ರಾಕುಲಾನ್ ಎಂಬ ಗ್ರಹದಲ್ಲಿ. ನಮ್ಮಲ್ಲಿ ನೀರು ಹರಿಯುವಂತೆ ಅಲ್ಲಿ ರಕ್ತ ಹರಿಯುತ್ತದೆ. ಅದನ್ನು ಕುಡಿಯುವುದು ಅಲ್ಲಿಯವರಿಗೆ ಪಾಪವೂ ಅಲ್ಲ, ಶಾಪವೂ ಅಲ್ಲ, ಬರಿಯ ಬಾಯಾರಿಕೆ. ಆ ಹೊಳೆಗಳು ಬತ್ತುತ್ತಿರುವಾಗ ಭೂಮಿಯಿಂದ ಬಾಹ್ಯಾಕಾಶ ನೌಕೆಯೊಂದು ಬಂದಿಳಿಯುತ್ತದೆ, ಅದರಲ್ಲಿ ಬಂದವರ ನರಗಳಲ್ಲಿ ಹರಿಯುವುದೂ ರಕ್ತವೇ ಎಂದು ವ್ಯಾಂಪಿರೆಲ್ಲಾ ಕಂಡುಕೊಳ್ಳುತ್ತಾಳೆ. ಬರಗಾಲಕ್ಕೆ ಊರು ಬಿಟ್ಟು ಗುಳೆ ಹೋಗುವವರನ್ನು ಕಂಡಿರುವ ನಮಗೆ ಈ ಕಲ್ಪನೆಯ ಒಳಗಿರುವ ದುಃಖ ಬೇಗನೆ ತಟ್ಟುತ್ತದೆ, ಆದರೆ ಆಕರ್ಮನ್ ಅವರಿಗೆ ಅದು ತಟ್ಟಿದಂತಿಲ್ಲ. ಇಡೀ ಕತೆಯನ್ನು ಅವರು ಶ್ಲೇಷೆ ಮತ್ತು ತಮಾಷೆಯಲ್ಲಿ ತೇಲಿಸಿಬಿಡುತ್ತಾರೆ.

ಮೂಲ ಪ್ರಕಾಶಕರಾದ ವಾರನ್ ಪಬ್ಲಿಷಿಂಗ್ ‘ವ್ಯಾಂಪಿರೆಲ್ಲಾ’ವನ್ನು ದೊಡ್ಡ ಆಕಾರದ ಕಪ್ಪು-ಬಿಳುಪು ಪತ್ರಿಕೆಯಾಗಿ ತಂದದ್ದಕ್ಕೆ ಕಾರಣವಿತ್ತು. ಅಮೆರಿಕದಲ್ಲಿ 1954ರಲ್ಲಿ ಪ್ರಕಾಶಕರೇ ತಮಗೆ ಹಾಕಿಕೊಂಡ ಕಾಮಿಕ್ಸ್ ಸಂಹಿತೆಯು ರಕ್ತಪಿಶಾಚಿಗಳ ಕತೆಗಳನ್ನು ನಿಷೇಧಿಸಿತ್ತು, ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಆದರೆ ಈ ಬಗೆಯ ಪತ್ರಿಕೆಗಳು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಈ ಬಣ್ಣವಿಲ್ಲದ ಪುಟಗಳೇ ಇಂದು ಪುಸ್ತಕದ ದೊಡ್ಡ ಆಸ್ತಿಯಾಗಿ ಕಾಣುತ್ತವೆ, ಏಕೆಂದರೆ ಶಾಯಿಯ ನೆರಳುಗಳಲ್ಲಿ ರಕ್ತವೂ ಕತ್ತಲೆಯೂ ಒಂದೇ ಕಪ್ಪಾಗಿ ಬೆರೆಯುತ್ತವೆ.

ಪಾತ್ರಕ್ಕೆ ನಿಜವಾದ ಜೀವ ಬರುವುದು 8ನೆಯ ಸಂಚಿಕೆಯಲ್ಲಿ, ಅಂದರೆ ಎರಡನೆಯ ಸಂಪುಟದಲ್ಲಿ. ಅಲ್ಲಿ ಬರವಣಿಗೆಯನ್ನು ವಹಿಸಿಕೊಂಡ ಆರ್ಚಿ ಗುಡ್‌ವಿನ್ ನಗೆಚಾಟಿಕೆಯನ್ನು ಬದಿಗಿಟ್ಟು, ತಮಗೆ ದೊರೆತ ಕಲ್ಪನೆಯನ್ನು ಗಂಭೀರವಾಗಿ ಪ್ರಶ್ನಿಸುತ್ತಾರೆ: ಬದುಕಲು ರಕ್ತ ಬೇಕೇ ಬೇಕಾದವಳು, ಕೊಲ್ಲಲು ಮನಸ್ಸಿಲ್ಲದಿದ್ದರೆ ಏನು ಮಾಡಬೇಕು? ವಿಮಾನ ಅಪಘಾತದಲ್ಲಿ ಗಾಯಗೊಂಡ ಅವಳಿಗೆ ಡಾ. ಟೈಲರ್ ವೆಸ್ಟ್ರನ್ ಎಂಬ ವೈದ್ಯ ರಕ್ತಕ್ಕೆ ಬದಲಿಯಾಗಿ ಒಂದು ದ್ರವವನ್ನು ಸಿದ್ಧಪಡಿಸಿ ಕೊಡುತ್ತಾನೆ, ಅಲ್ಲಿಂದ ಮುಂದೆ ಆ ದ್ರವ ಮುಗಿದೀತೆಂಬ ಆತಂಕವೇ ಅನೇಕ ಕತೆಗಳನ್ನು ನಡೆಸುತ್ತದೆ. ತನ್ನ ಸಹೋದರನ ಸಾವಿಗೆ ಅವಳೇ ಕಾರಣವೆಂದು ನಂಬಿ ಬೆನ್ನಟ್ಟುವ ಕುರುಡ ಕಾನ್ರಾಡ್ ವ್ಯಾನ್ ಹೆಲ್ಸಿಂಗ್, ಅವಳನ್ನು ನಂಬಲು ತೊಡಗುವ ಅವನ ಮಗ ಆಡಮ್, ಅವಳ ಜೊತೆಗಾರನಾಗುವ ಕುಡುಕ ಜಾದೂಗಾರ ಪೆಂಡ್ರಾಗನ್ ಇವರೆಲ್ಲ ಬಂದ ಮೇಲೆ ಭೂಮಿಯಲ್ಲಿ ನೆಲೆಯಿಲ್ಲದವಳಿಗೆ ಮೊದಲ ಬಾರಿಗೆ ಒಂದು ಬಳಗ ಏರ್ಪಡುತ್ತದೆ. 12ನೆಯ ಸಂಚಿಕೆಯಿಂದ ಸ್ಪೇನಿನ ಹೊಸೆ ಗೊನ್ಸಾಲೆಸ್ ಚಿತ್ರ ಬರೆಯತೊಡಗಿದರು. ಅವರ ಕೈಯಲ್ಲಿ ಅವಳ ಮುಖಕ್ಕೆ ಬಂದ ವಿಷಾದ ಸಂಭಾಷಣೆಯ ನೆರವಿಲ್ಲದೆಯೇ ಓದುಗನಿಗೆ ತಿಳಿಯುತ್ತದೆ.

ವ್ಯಾಂಪಿರೆಲ್ಲಾಳ ಮೈತೋರುವ ವೇಷಭೂಷಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು ರೂಪಿಸಿದವರು ಮಹಿಳೆಯರ ಕಾಮಿಕ್ಸ್‌ಗಾಗಿ ಬಹುಕಾಲ ದುಡಿದ ಟ್ರಿನಾ ರಾಬಿನ್ಸ್ ಎಂಬುದು ಹಲವರಿಗೆ ಆಶ್ಚರ್ಯವಾಗಬಹುದು. ಮುಂದಿನ ಚಿತ್ರಕಾರರು ಆ ಉಡುಪನ್ನು ವರ್ಷದಿಂದ ವರ್ಷಕ್ಕೆ ಕಿರಿದು ಮಾಡುತ್ತ ಹೋದರು, ಕತೆ ಪ್ರೌಢವಾದಷ್ಟೂ ಈ ಪ್ರದರ್ಶನ ಅದಕ್ಕೆ ಅಡ್ಡಿಯಾಗಿಯೇ ತೋರುತ್ತದೆ.

ಪತ್ರಿಕೆ 112 ಸಂಚಿಕೆಗಳ ನಂತರ 1983ರಲ್ಲಿ ನಿಂತಿತು. ಅನಂತರ ಹಕ್ಕು ಪಡೆದ ಹ್ಯಾರಿಸ್ ಸಂಸ್ಥೆಯವರು 1990ರ ದಶಕದಲ್ಲಿ ಆಕೆಯನ್ನು ಯಹೂದಿ ಪುರಾಣಗಳ ಲಿಲಿತ್ ಎಂಬ ಸ್ತ್ರೀಯ ಮಗಳನ್ನಾಗಿ ಮಾರ್ಪಡಿಸಿದರು. ಈ ಬದಲಾವಣೆ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬಾಯಾರಿಕೆಯನ್ನು ಹೊತ್ತು ಪರಊರಿಗೆ ಬಂದವಳು ಎಂಬುದೇ ಅವಳನ್ನು ಸಾವಿರಾರು ಶವಪೆಟ್ಟಿಗೆಯ ಪಿಶಾಚಿಗಳಿಂದ ಬೇರೆಯಾಗಿಸಿತ್ತು. ಅವಳಿಗೆ ದೇವದೂತರ, ನರಕದ ವಂಶಾವಳಿಯನ್ನು ಅಂಟಿಸಿದ ಮೇಲೆ ಬತ್ತಿದ ಹೊಳೆಗೆ ಕತೆಯಲ್ಲಿ ಕೆಲಸವೇ ಉಳಿಯಲಿಲ್ಲ.

ಆದುದರಿಂದ ಎರಡನೆಯ ಸಂಪುಟವನ್ನು ಮೊದಲು ತರಿಸಿಕೊಳ್ಳಿ. 8ರಿಂದ 14ರವರೆಗಿನ ಸಂಚಿಕೆಗಳು ಅದರಲ್ಲಿವೆ. ಅದು ಇಷ್ಟವಾದರೆ ಮೂಲಕತೆಗಾಗಿ ಮೊದಲನೆಯದಕ್ಕೆ ಹಿಂದಿರುಗಬಹುದು. ಎರಡನ್ನೂ ಮಕ್ಕಳ ಕೈಗೆಟುಕದ ಕಪಾಟಿನಲ್ಲಿ ಇಡುವುದು ಲೇಸು.